ಮಡಚುವ ಟ್ರೇಲರ್ ಮನೆಗೆ ಬಂದ ಮೇಲೆ: ಮೊದಲ ಪ್ರವಾಸಕ್ಕೆ ಮುಂಚಿನ ಕೆಲಸಗಳು

ಅಮೆರಿಕದಲ್ಲಿ ಪಾಪ್-ಅಪ್ ಎಂದು ಕರೆಯುವ ಮಡಚುವ ಟ್ರೇಲರನ್ನು ಕೊಂಡವರಿಗೆ ಅದೇ ವಾರ ಕಾರಿಗೆ ಕಟ್ಟಿಕೊಂಡು ಬೆಟ್ಟದ ಕಡೆ ಹೊರಟುಬಿಡಬೇಕೆಂಬ ಆತುರ ಇರುತ್ತದೆ. ಆದರೆ ಅದನ್ನು ಮೊದಲ ಸಲ ಬಿಚ್ಚಬೇಕಾದ ಜಾಗ ಕ್ಯಾಂಪ್‌ಗ್ರೌಂಡ್ ಅಲ್ಲ, ನಿಮ್ಮ ಮನೆಯ ಡ್ರೈವ್‌ವೇ. ಎದೆಯೆತ್ತರದ ಒಂದು ಪೆಟ್ಟಿಗೆಯೊಳಗೆ ಎರಡು ಹಾಸಿಗೆ, ಒಲೆ, ಸಿಂಕು, ಊಟದ ಮೇಜು ಇಷ್ಟನ್ನೂ ಅಡಗಿಸಿರುವ ಈ ವಾಹನದಲ್ಲಿ ಪ್ರತಿಯೊಂದು ಭಾಗವೂ ಇನ್ನೊಂದರ ಮೇಲೆ ಕೂತಿರುತ್ತದೆ. ಆದ್ದರಿಂದ ಇಲ್ಲಿ ಬಲಕ್ಕಿಂತ ಕ್ರಮ ಮುಖ್ಯ. ಕ್ರಮ ಕೈಗೆ ಅಭ್ಯಾಸವಾಗುವವರೆಗೆ, ಅಂದರೆ ಕನಿಷ್ಠ ಮೂರು ಸಲ, ಮನೆಯಂಗಳದಲ್ಲೇ ಬಿಚ್ಚಿ ಮಡಚಿ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಡ್ರೈವ್‌ವೇಯಲ್ಲಿ ಟ್ರೇಲರ್ ಎಷ್ಟು ಹೊತ್ತು ನಿಲ್ಲಬಹುದು ಎಂಬುದಕ್ಕೆ ಕೆಲವು ಬಡಾವಣೆಗಳ ಸಂಘಗಳು ಮಿತಿ ಹಾಕಿರುತ್ತವೆ. ನೆರೆಯವರು ದೂರು ಕೊಡುವ ಮೊದಲೇ ಆ ನಿಯಮವನ್ನು ಓದಿಕೊಳ್ಳುವುದು ಒಳ್ಳೆಯದು.

ನಾವು ಕ್ಯಾಲಿಫೋರ್ನಿಯಾದಲ್ಲಿ ಕೊಂಡದ್ದು ಬಳಸಿದ ಟ್ರೇಲರ್. ಛಾವಣಿ ಗಟ್ಟಿ, ಎರಡೂ ತುದಿಯ ಹಾಸಿಗೆಗಳ ಸುತ್ತ ಕ್ಯಾನ್ವಾಸ್. ಆಲೈನರ್‌ನಂತೆ ಗಟ್ಟಿ ಹಲಗೆಗಳೇ ತ್ರಿಕೋನವಾಗಿ ನಿಲ್ಲುವ ಮಾದರಿಗಳೂ ಇವೆ. ಈ ಲೇಖನದ ಹೆಚ್ಚಿನ ಮಾತು ಎರಡಕ್ಕೂ ಅನ್ವಯಿಸುತ್ತದೆ. ಕ್ಯಾನ್ವಾಸಿನ ಗೋಳು ಮಾತ್ರ ನಮ್ಮಂಥವರದು.

ತೂಕ ಮತ್ತು ಟೈರು

ಟ್ರೇಲರಿನ ಹೊರಮೈ ಮೇಲೆ, ಸಾಮಾನ್ಯವಾಗಿ ಎಡಭಾಗದ ಮುಂದುಗಡೆ, ಒಂದು ಚೀಟಿ ಅಂಟಿಸಿರುತ್ತಾರೆ. ಸಾಮಾನು ಸೇರಿ ಅದರ ಒಟ್ಟು ತೂಕ ಎಷ್ಟನ್ನು ಮೀರಬಾರದು ಎಂಬ ಅಂಕಿ ಅದರಲ್ಲಿದೆ. ಆ ಮಿತಿ 3,000 ಪೌಂಡ್, ಖಾಲಿ ತೂಕ 2,300 ಪೌಂಡ್ ಎಂದಿದ್ದರೆ ನಿಮ್ಮ ಪಾಲಿಗೆ ಉಳಿದದ್ದು 700 ಪೌಂಡ್. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುವುದರಿಂದ 20 ಗ್ಯಾಲನ್ ಟ್ಯಾಂಕನ್ನು ತುಂಬಿಸಿ ಹೊರಟರೆ ಅದರಲ್ಲಿ 166 ಪೌಂಡ್ ಅಲ್ಲೇ ಖರ್ಚಾಯಿತು. ಮೇಲೆ ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪಾತ್ರೆ, ರಗ್ಗು. ಹೋದ ಜಾಗದಲ್ಲಿ ನೀರು ಸಿಗುತ್ತದೆ ಎಂದಾದರೆ ಟ್ಯಾಂಕನ್ನು ಅಲ್ಲಿಯೇ ತುಂಬಿಸಿಕೊಳ್ಳಿ.

ಕಾರಿನ ಕಡೆಯ ಲೆಕ್ಕದಲ್ಲಿ ಎಳೆಯುವ ಸಾಮರ್ಥ್ಯವೊಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಹೋಂಡಾ ಒಡಿಸ್ಸಿಯಂಥ ಮಿನಿವ್ಯಾನ್ 3,500 ಪೌಂಡ್ ಎಳೆಯಬಲ್ಲದು ಎಂದು ಅದರ ಕೈಪಿಡಿಯಲ್ಲಿದೆ ನಿಜ. ಆದರೆ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಇನ್ನೊಂದು ಚೀಟಿ ಜನ ಮತ್ತು ಸಾಮಾನು ಸೇರಿ ಕಾರು ಎಷ್ಟು ಹೊರಬಹುದು ಎಂದು ಹೇಳುತ್ತದೆ, ಟ್ರೇಲರಿನ ಮೂಕಿ, ಅಂದರೆ ಕಾರಿಗೆ ಸಿಕ್ಕಿಸುವ ಮುಂಚಾಚಿದ ಕಂಬಿ, ಕಾರಿನ ಮೇಲೆ ಹಾಕುವ ಭಾರವೂ ಆ ಲೆಕ್ಕಕ್ಕೇ ಸೇರುತ್ತದೆ. ಊರಿಂದ ಬಂದ ಅಪ್ಪ ಅಮ್ಮ, ಇಬ್ಬರು ಮಕ್ಕಳು, ನೀವಿಬ್ಬರು, ಹಿಂದೆ ಒಂದು ದೊಡ್ಡ ಐಸ್ ಪೆಟ್ಟಿಗೆ ಎಂದಾಗ ಆ ಮಿತಿ ನೀವೆಣಿಸಿದ್ದಕ್ಕಿಂತ ಬೇಗ ಮುಟ್ಟುತ್ತದೆ.

ಮೂಕಿಭಾರ ಎಂದರೇನೆಂದು ಎತ್ತಿನ ಗಾಡಿ ಕಂಡವರಿಗೆ ವಿವರಿಸಬೇಕಿಲ್ಲ. ಹಿಂಭಾರವಾದರೆ ನೊಗ ಎತ್ತಿನ ಕತ್ತಿನಿಂದ ಮೇಲೇಳುತ್ತದೆ, ಮುಂಭಾರವಾದರೆ ಎತ್ತು ಕುಸಿಯುತ್ತದೆ. ಇಲ್ಲಿಯೂ ಹಾಗೆಯೇ: ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾದಷ್ಟು ಮೂಕಿಯ ಮೇಲೆ ಬೀಳಬೇಕು. ಅದು ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಹಾವಿನಂತೆ ಓಲಾಡಲು ಶುರು ಮಾಡುತ್ತದೆ. ಭಾರದ ಸಾಮಾನನ್ನು ಅಚ್ಚಿನ ಮೇಲೆ ಅಥವಾ ತುಸು ಮುಂದಕ್ಕೆ ಇರಿಸಿ. ಸೈಕಲ್ಲುಗಳನ್ನು ಹಿಂಬದಿಯ ಬಂಪರಿಗೆ ಕಟ್ಟುವ ಆಸೆಯನ್ನು ಬಿಡಿ. ಓಲಾಟ ಶುರುವಾದರೆ ಕಾರಿನ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಟ್ರೇಲರಿನ ಬ್ರೇಕನ್ನು ಕಾರಿನೊಳಗಿಂದ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಇದ್ದರೆ ಅದರ ಕೈಹಿಡಿಯಿಂದ ಟ್ರೇಲರಿನ ಬ್ರೇಕನ್ನಷ್ಟೇ ಹಾಕಬೇಕು.

ಬಳಸಿದ ಟ್ರೇಲರಿನ ಟೈರು ನೋಡಲು ಹೊಸತರಂತಿದ್ದರೂ ನಂಬಬಾರದು, ಏಕೆಂದರೆ ಅದು ಸವೆದು ಹೋಗುವುದಕ್ಕಿಂತ ನಿಂತಲ್ಲೇ ಮುದಿಯಾಗಿ ಹೋಗುವುದೇ ಹೆಚ್ಚು. ಪಕ್ಕದ ಗೋಡೆಯ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಗೀರು ಕಾಣದಿದ್ದರೂ ಬದಲಾಯಿಸಿ. ಗಾಳಿಯನ್ನು ಟೈರು ತಣ್ಣಗಿರುವಾಗ ಚೀಟಿಯಲ್ಲಿ ಬರೆದಷ್ಟಕ್ಕೆ ತುಂಬಿಸಬೇಕು. ಕಾರಿನ 35 ಪಿಎಸ್‌ಐ ರೂಢಿ ಇಲ್ಲಿ ಸಲ್ಲದು. ಚಕ್ರ ಬಿಚ್ಚಿ ಹಾಕಿಸಿದ ಮೇಲೆ ಮೊದಲ 50 ಮೈಲಿಯೊಳಗೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಮತ್ತೆ ಬಿಗಿ ಮಾಡಿ. ಹಿಂದಿನ ಮಾಲೀಕರು ಬೇರಿಂಗಿಗೆ ಗ್ರೀಸ್ ಹಾಕಿಸಿದ್ದು ಯಾವಾಗ ಎಂದು ಕೇಳಿದಾಗ ಅವರು ಯೋಚಿಸಲು ಶುರು ಮಾಡಿದರೆ, ಹಾಕಿಸಿಲ್ಲ ಎಂದೇ ತಿಳಿದು ಮೊದಲು ಆ ಕೆಲಸ ಮುಗಿಸಿಕೊಳ್ಳಿ.

ಕಾರಿಗೆ ಕಟ್ಟುವುದು

ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್ಚಿನ ಬಾಲ್ 1 7/8, 2 ಮತ್ತು 2 5/16 ಇಂಚಿನ ಅಳತೆಗಳಲ್ಲಿ ಬರುತ್ತದೆ, ಅದರ ಮೇಲೆ ಕೂರುವ ಮೂಕಿತುದಿಯ ಕಪ್ಲರಿನ ಮೇಲೆ ಬೇಕಾದ ಅಳತೆಯನ್ನು ಒತ್ತಿರುತ್ತಾರೆ. ಎರಡಿಂಚಿನ ಕಪ್ಲರ್ ಚಿಕ್ಕ ಬಾಲ್ ಮೇಲೂ ಕೂತಂತೆ ಕಾಣಿಸಿ ಮೊದಲ ಹಳ್ಳದಲ್ಲಿ ಎದ್ದು ಬರುತ್ತದೆ. ಆದ್ದರಿಂದ ಕಣ್ಣಂದಾಜು ಬೇಡ. ಕಪ್ಲರ್ ಇಳಿಸಿ ಚಿಲಕ ಹಾಕಿ ಪಿನ್ನು ತೂರಿಸಿದ ಮೇಲೆ ಮೂಕಿಯ ಜಾಕನ್ನು ಮತ್ತೆ ಎರಡು ಸುತ್ತು ಎತ್ತಿ ನೋಡಿ. ಕಾರಿನ ಹಿಂಭಾಗವೂ ಅದರೊಂದಿಗೆ ಏಳುತ್ತಿದ್ದರೆ ಹಿಡಿತ ಸರಿಯಾಗಿದೆ ಎಂದರ್ಥ. ಎರಡು ಸರಪಳಿಗಳನ್ನು ಕಪ್ಲರಿನ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಬೇಕು. ಕಪ್ಲರ್ ಕಳಚಿದರೂ ಮೂಕಿ ನೆಲಕ್ಕೆ ತಾಗದೆ ಆ ತೊಟ್ಟಿಲಿನಲ್ಲಿ ಬಿದ್ದಿರುತ್ತದೆ. ಟ್ರೇಲರ್ ಕಳಚಿಕೊಂಡಾಗ ತಾನಾಗಿ ಬ್ರೇಕ್ ಹಿಡಿಸುವ ತೆಳು ತಂತಿಯನ್ನು ಸರಪಳಿಗಲ್ಲ, ಕಾರಿನ ಹಿಚ್ಚಿಗೇ ಪ್ರತ್ಯೇಕವಾಗಿ ಸಿಕ್ಕಿಸಿ. ಕಡೆಗೆ ವೈರನ್ನು ಜೋಡಿಸಿ, ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ದೀಪ, ಎಡ ಬಲದ ಇಂಡಿಕೇಟರ್ ಇವು ಉರಿಯುತ್ತವೆಯೇ ಎಂದು ಪರೀಕ್ಷಿಸಿ.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನದ ಗರಿಷ್ಠ ವೇಗ 55 ಮೈಲಿ. ಬೇರೆ ರಾಜ್ಯಕ್ಕೆ ಹೋಗುವಾಗ ಅಲ್ಲಿನ ವೇಗದ ಮಿತಿಯನ್ನೂ ಬ್ರೇಕಿನ ನಿಯಮವನ್ನೂ ಮೊದಲೇ ನೋಡಿಕೊಳ್ಳಬೇಕು. ಹಿಂದಕ್ಕೆ ಬಿಡುವ ಅಭ್ಯಾಸವನ್ನು ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಮಾಡಿಕೊಳ್ಳಿ. ಸ್ಟಿಯರಿಂಗಿನ ತಳದಲ್ಲಿ ಕೈಯಿಟ್ಟು, ಟ್ರೇಲರಿನ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಆ ಕಡೆಗೇ ಕೈ ಸರಿಸಿದರೆ ಸಾಕು. ಚಿಕ್ಕ ಟ್ರೇಲರ್ ದೊಡ್ಡದಕ್ಕಿಂತ ಬೇಗ ಅಡ್ಡ ತಿರುಗುತ್ತದೆ, ಮಡಚಿದ ಪೆಟ್ಟಿಗೆ ಹಿಂಗಾಜಿನಲ್ಲಿ ಸರಿಯಾಗಿ ಕಾಣಿಸುವುದೂ ಇಲ್ಲ. ಹಾಗಾಗಿ ಹಿಂದಿನ ಎರಡು ಮೂಲೆಗಳಿಗೆ ತಾತ್ಕಾಲಿಕವಾಗಿ ಒಂದೊಂದು ಕೋಲು ಕಟ್ಟಿಕೊಳ್ಳುವುದು ಒಳ್ಳೆಯ ಉಪಾಯ. ಹಿಂದೆ ನಿಂತು ದಾರಿ ತೋರಿಸುವವರು "ಬಲಕ್ಕೆ" ಎಂದಾಗ ಅದು ಯಾರ ಬಲ ಎಂಬುದನ್ನು ಗಂಡ ಹೆಂಡತಿ ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುವುದು ಸಂಸಾರದ ದೃಷ್ಟಿಯಿಂದಲೂ ಕ್ಷೇಮ.

ಬಿಚ್ಚುವ ಕ್ರಮ

ಎಡ ಬಲದ ಮಟ್ಟವನ್ನು ಮೊದಲು ಸರಿಪಡಿಸಿಕೊಳ್ಳಬೇಕು, ಅದೂ ಟ್ರೇಲರ್ ಕಾರಿಗೆ ಕಟ್ಟಿಕೊಂಡೇ ಇರುವಾಗ. ಟ್ರೇಲರಿನ ನೆಲದ ಮೇಲೆ ಅಥವಾ ಬಂಪರಿನ ಮೇಲೆ ರಸಮಟ್ಟವಿಟ್ಟು ನೋಡಿ, ತಗ್ಗಿರುವ ಕಡೆಯ ಚಕ್ರದಡಿ ಹಲಗೆ ಹಾಕಿ ಅದರ ಮೇಲೆ ಹತ್ತಿಸಿ. ಅದಾದ ಮೇಲೆ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಅಂದರೆ ರಬ್ಬರಿನ ಅಡೆಗಳನ್ನು ಬಿಗಿಯಾಗಿ ಸಿಕ್ಕಿಸಿ, ಆಮೇಲಷ್ಟೇ ಕಾರಿನಿಂದ ಬಿಡಿಸಬೇಕು. ಈ ಎರಡು ಕೆಲಸಗಳು ಹಿಂದು ಮುಂದಾದರೆ ಇಳಿಜಾರಿನಲ್ಲಿ ಟ್ರೇಲರ್ ತನ್ನ ದಾರಿ ತಾನು ಹಿಡಿಯುತ್ತದೆ. ಹಿಂದು ಮುಂದಿನ ಮಟ್ಟವನ್ನು ಮೂಕಿಯ ಜಾಕಿನಿಂದ ಸರಿ ಮಾಡಿಕೊಳ್ಳಿ.

ನಂತರ ನಾಲ್ಕು ಮೂಲೆಯ ಸ್ಟೆಬಿಲೈಸರ್ ಕಾಲುಗಳನ್ನು ನೆಲಕ್ಕೆ ತಾಗಿಸಿ, ಅರ್ಧ ಸುತ್ತು ಬಿಗಿ ಮಾಡಿ. ಅವು ಅಲುಗಾಟ ತಡೆಯಲು ಇರುವವೇ ಹೊರತು ಟ್ರೇಲರನ್ನು ಎತ್ತಲು ಅಲ್ಲ. ಅವುಗಳಿಂದ ಮಟ್ಟ ಮಾಡಲು ಹೋದರೆ ಚೌಕಟ್ಟು ತಿರುಚಿಕೊಂಡು ಛಾವಣಿ ಸರಾಗವಾಗಿ ಏಳದೆ ಹೋಗುತ್ತದೆ. ಈ ಕಾಲುಗಳನ್ನು ಇಳಿಸುವ ಮೊದಲು ಯಾರೂ ಒಳಗೆ ಕಾಲಿಡಬಾರದು. ಒಂದು ತುದಿಗೆ ಭಾರ ಬಿದ್ದೊಡನೆ ಇಡೀ ಟ್ರೇಲರ್ ಏತದ ಹಾಗೆ ಆ ಕಡೆ ಬಾಗುತ್ತದೆ, ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ ನಿಯಮವೇ ಇದು.

ಛಾವಣಿ ಎತ್ತುವ ಮುನ್ನ ತಲೆಯೆತ್ತಿ ಮರದ ಕೊಂಬೆ ನೋಡಿ, ಆಮೇಲೆ ಟ್ರೇಲರಿನ ಸುತ್ತ ನಡೆದು ನಾಲ್ಕೂ ಚಿಲಕಗಳು ತೆರೆದಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಒಂದು ಚಿಲಕ ಮರೆತು, ಛಾವಣಿ ಎತ್ತುವ ಕೈಹಿಡಿಯಾದ ಕ್ರ್ಯಾಂಕ್ ತಿರುಗಿಸಿದರೆ ಮೂರು ಮೂಲೆಗಳು ಏಳುತ್ತವೆ, ನಾಲ್ಕನೆಯದು ಛಾವಣಿ ಎಳೆಯುವ ಕೇಬಲ್ಲನ್ನು ಹಾಳುಮಾಡುತ್ತದೆ. ಕ್ರ್ಯಾಂಕನ್ನು ನಿಧಾನವಾಗಿ, ಒಂದೇ ಲಯದಲ್ಲಿ ತಿರುಗಿಸಿ. ಎತ್ತರ ಮುಟ್ಟಿದ ಮೇಲೆ ಇನ್ನೆರಡು ಸುತ್ತು ಇರಲಿ ಎಂಬ ಧಾರಾಳತನವೇ ಎಷ್ಟೋ ಕೇಬಲ್ಲುಗಳನ್ನು ತುಂಡರಿಸಿದೆ. ನಿಲ್ಲಿಸಬೇಕಾದ ಗುರುತನ್ನು ಕೈಪಿಡಿಯಲ್ಲಿ ನೋಡಿ, ಕಾಣುವಂತೆ ಬಣ್ಣದ ಟೇಪು ಸುತ್ತಿಟ್ಟುಕೊಳ್ಳಿ.

ಹಾಸಿಗೆಯ ಹಲಗೆಗಳನ್ನು ಹೊರಗೆಳೆದು ಅವುಗಳ ಕೆಳಗಿನ ಊರುಗೋಲುಗಳನ್ನು ಗೂಡಿಗೆ ಸಿಕ್ಕಿಸಿದ ಮೇಲೆ ಒಳಗೆ ಹೋಗಿ ಕ್ಯಾನ್ವಾಸನ್ನು ಎತ್ತುವ ಕಮಾನುಗಳನ್ನು ನಿಲ್ಲಿಸಬೇಕು. ಹೊರಗೆ ಬಂದು ಕ್ಯಾನ್ವಾಸಿನ ಅಂಚಿನ ಎಲಾಸ್ಟಿಕ್ ಕುಣಿಕೆಗಳನ್ನು ಹಲಗೆಯ ಕೆಳಗೆ ಸಿಕ್ಕಿಸಿ. ಬಾಗಿಲು ಹಲವು ಮಾದರಿಗಳಲ್ಲಿ ಛಾವಣಿಯ ಒಳಮೈಗೆ ಅಂಟಿಕೊಂಡಿರುತ್ತದೆ. ಅದನ್ನು ಇಳಿಸಿ ಚೌಕಟ್ಟಿಗೆ ಕೂರಿಸುವುದು ಮೊದಲ ದಿನ ಹತ್ತು ನಿಮಿಷದ ಕುಸ್ತಿ. ಮಡಚಿಟ್ಟ ಸಿಂಕು ಮತ್ತು ಒಲೆಯ ಕಟ್ಟೆಯನ್ನು ನೇರ ನಿಲ್ಲಿಸಿದರೆ ಬಿಚ್ಚುವ ಕೆಲಸ ಮುಗಿಯಿತು. ನಮಗೆ ಮೊದಲ ಸಲ ಒಂದೂವರೆ ಗಂಟೆ ಹಿಡಿಯಿತು, ಈಗ ಇಪ್ಪತ್ತು ನಿಮಿಷ.

ಗ್ಯಾಸು, ನೀರು, ಕರೆಂಟು

ಇಲ್ಲಿಯ ಸಿಲಿಂಡರಿನಲ್ಲಿ 20 ಪೌಂಡ್ ಪ್ರೊಪೇನ್ ಹಿಡಿಯುತ್ತದೆ, ಊರಿನ 14.2 ಕಿಲೋ ಸಿಲಿಂಡರಿಗೆ ಹೋಲಿಸಿದರೆ ಸುಮಾರು 9 ಕಿಲೋ. ಪೂರ್ತಿ ಕಂಠಮಟ್ಟ ತುಂಬಿಸುವುದಿಲ್ಲ, ಬಿಸಿಲಿಗೆ ಹಿಗ್ಗಲು ಜಾಗ ಬೇಕೆಂದು 80 ಶೇಕಡಾಕ್ಕೆ ನಿಲ್ಲಿಸುತ್ತಾರೆ. ಪ್ರತಿಯೊಂದು ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ. ಬಳಸಿದ ಟ್ರೇಲರಿಗೆ ಒಮ್ಮೆ ಅನುಭವಿ ಮೆಕ್ಯಾನಿಕ್‌ನಿಂದ ಒತ್ತಡದ ಪರೀಕ್ಷೆಯನ್ನೂ ಮಾಡಿಸಿ. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಅದರ ಅಲಾರಂ ನೆಲದ ಹತ್ತಿರ ಇರುತ್ತದೆ. ಅದಕ್ಕೂ ಕಾರ್ಬನ್ ಮಾನಾಕ್ಸೈಡ್ ಅಲಾರಮಿಗೂ ಆಯಸ್ಸು ಮುಗಿಯುವ ವರ್ಷವಿದೆ, ಹಿಂಬದಿಯಲ್ಲಿ ಬರೆದಿರುತ್ತದೆ. ಬಟನ್ ಒತ್ತಿದಾಗ ಕೂಗಿತು ಎಂದಷ್ಟಕ್ಕೇ ನೆಮ್ಮದಿಯಾಗಬೇಡಿ. ಚಳಿ ಎಷ್ಟೇ ಇದ್ದರೂ ಒಲೆ ಹಚ್ಚಿಟ್ಟು ಮಲಗಬಾರದು.

ನೀರಿನ ಟ್ಯಾಂಕನ್ನು ಮೊದಲ ಸಲ ಶುದ್ಧಿ ಮಾಡಲು 15 ಗ್ಯಾಲನ್‌ಗೆ ಕಾಲು ಕಪ್ಪಿನಂತೆ ಸುವಾಸನೆ ಇಲ್ಲದ ಬ್ಲೀಚ್ ಬೆರೆಸಿ, ನಲ್ಲಿಯಲ್ಲಿ ಅದರ ವಾಸನೆ ಬರುವವರೆಗೆ ಪಂಪ್ ಓಡಿಸಿ, ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಬೇಕು. ಕುಡಿಯುವ ನೀರಿಗೆಂದೇ ಮಾರುವ ಬಿಳಿ ಪೈಪನ್ನೂ ಒತ್ತಡ ತಗ್ಗಿಸುವ ಪುಟ್ಟ ರೆಗ್ಯುಲೇಟರನ್ನೂ ಕೊಳ್ಳಿ. ಸಿಂಕಿನ ನೀರು ಹಲವು ಪಾಪ್-ಅಪ್‌ಗಳಲ್ಲಿ ನೇರ ಹೊರಗೆ ಬೀಳುತ್ತದೆ. ಅದನ್ನು ನೆಲಕ್ಕೆ ಬಿಡದೆ ಮುಚ್ಚಳವಿರುವ ಡಬ್ಬದಲ್ಲಿ ಹಿಡಿದು ಕ್ಯಾಂಪ್‌ಗ್ರೌಂಡ್ ತೋರಿಸಿದ ಜಾಗದಲ್ಲೇ ಸುರಿಯಬೇಕು. ಅಕ್ಕಿ ತೊಳೆದ ನೀರೂ ಇದಕ್ಕೆ ಹೊರತಲ್ಲ.

ಕರೆಂಟಿನ ವಿಷಯದಲ್ಲಿ ಹೇಳುವುದು ಎರಡೇ ಮಾತು. ಕ್ಯಾಂಪ್‌ಗ್ರೌಂಡಿನ ಕಂಬದಲ್ಲಿ 30 ಆಂಪ್ ಸಾಕೆಟ್ ಇದ್ದರೂ ಮನೆಯಲ್ಲಿ ಇರುವುದು 15 ಅಥವಾ 20 ಆಂಪ್. ಅಡಾಪ್ಟರ್ ಹಾಕಿ ಟ್ರೇಲರಿನ ಏಸಿ ಮತ್ತು ರೈಸ್ ಕುಕ್ಕರನ್ನು ಒಟ್ಟಿಗೆ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ಇನ್ನು ಬ್ಯಾಟರಿ: ಸೀಸದ್ದಾದರೆ ತುಂಬಿದಾಗ 12.7 ವೋಲ್ಟ್ ತೋರಿಸಿ 12.1ರ ಹತ್ತಿರ ಬಂದಾಗ ಅರ್ಧ ಖಾಲಿಯಾಗಿರುತ್ತದೆ, ಅದಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯಸ್ಸು ಸವೆಯುತ್ತದೆ. ಫ್ರಿಜ್ ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಮಾದರಿಯದಾದರೆ ಅದು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಟ್ರೇಲರ್ ಮಟ್ಟವಾಗಿಯೂ ಇರಬೇಕು. ಹೊರಡುವ ಹಿಂದಿನ ಸಂಜೆಯೇ ಮನೆಯ ಕರೆಂಟಿಗೆ ಹಚ್ಚಿಟ್ಟು, ಮೊಸರು ಹಾಲುಗಳನ್ನು ಮನೆಯ ಫ್ರಿಜ್ಜಿನಲ್ಲಿ ತಣಿಸಿಯೇ ಅದಕ್ಕೆ ವರ್ಗಾಯಿಸಿ.

ಇಷ್ಟೂ ಆದ ಮೇಲೆ ಡ್ರೈವ್‌ವೇಯಲ್ಲೇ ಒಂದು ರಾತ್ರಿ ಮಲಗಿ. ನಾಲ್ಕು ಜನರ ಉಸಿರಿಗೆ ಬೆಳಗಿನ ಜಾವ ಕ್ಯಾನ್ವಾಸಿನ ಒಳಮೈ ಒದ್ದೆಯಾಗಿ ದಿಂಬಿನ ಮೇಲೆ ಹನಿ ಬೀಳುತ್ತದೆ, ಆಗ ಎರಡು ಎದುರು ಕಿಟಕಿಗಳನ್ನು ಬೆರಳಗಲ ತೆರೆದಿಡುವುದನ್ನು ಕಲಿಯುತ್ತೀರಿ. ಹಾಸಿಗೆ ಎಷ್ಟು ಗಟ್ಟಿ, ಹೀಟರಿನ ಫ್ಯಾನ್ ಎಷ್ಟು ಸದ್ದು, ಟಾರ್ಚ್ ಎಲ್ಲಿರಬೇಕು ಎಂಬುದೆಲ್ಲ ಹತ್ತು ಹೆಜ್ಜೆ ದೂರದಲ್ಲಿ ಮನೆಯಿರುವಾಗಲೇ ತಿಳಿಯುವುದು ಮೇಲು.

ಒಗ್ಗರಣೆ ಮತ್ತು ಕರಡಿ

ಯೆಲ್ಲೋಸ್ಟೋನಿನ ಫಿಶಿಂಗ್ ಬ್ರಿಡ್ಜ್ ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟಿಗೂ ಕ್ಯಾನ್ವಾಸಿನ ಪಾಪ್-ಅಪ್‌ಗೂ ಪ್ರವೇಶವಿಲ್ಲ, ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಜಾಗ. ಅಲ್ಲಿ ಗ್ರಿಜ್ಲಿ ಕರಡಿಗಳ ಓಡಾಟವಿರುವುದೇ ಕಾರಣ. ಜಾಗ ಕಾದಿರಿಸುವ ಮುನ್ನ ಈ ನಿಯಮವನ್ನು ಪ್ರತಿಯೊಂದು ಕಡೆಯೂ ನೋಡಿಕೊಳ್ಳಬೇಕು. ಉಳಿದ ಕಡೆಗಳಲ್ಲೂ ಕರಡಿಯ ಮೂಗಿಗೆ ಕ್ಯಾನ್ವಾಸ್ ಒಂದು ಗೋಡೆಯೇ ಅಲ್ಲ. ಆದ್ದರಿಂದ ನಮ್ಮ ಅಡುಗೆಯ ವಿಷಯದಲ್ಲಿ ಒಂದು ಕಟ್ಟುನಿಟ್ಟು ಬೇಕು: ಒಗ್ಗರಣೆ, ಕರಿಯುವುದು, ಮೀನು ಮಾಂಸ ಎಲ್ಲವೂ ಹೊರಗಿನ ಒಲೆಯಲ್ಲಿ, ಒಳಗೆ ಕಾಫಿ, ಹೆಚ್ಚೆಂದರೆ ಉಪ್ಪಿಟ್ಟಿಗೆ ನೀರು ಕಾಯಿಸುವುದು. ಇಂಗು ಸಾಸಿವೆಯ ಎಣ್ಣೆಹೊಗೆ ಬಟ್ಟೆಗೆ ಒಮ್ಮೆ ಹಿಡಿದರೆ ಮುಂದಿನ ಬೇಸಿಗೆಯವರೆಗೂ ಬಿಡುವುದಿಲ್ಲ. ಯೊಸೆಮಿಟಿಯಂಥ ಕಡೆ ಪ್ರತಿ ಕ್ಯಾಂಪ್ ಜಾಗದಲ್ಲೂ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ಉಪ್ಪಿನಕಾಯಿ ಡಬ್ಬಿ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಎಲ್ಲವೂ ಅದರೊಳಗೇ ಹೋಗಬೇಕು.

ಪೂಜೆಯ ಬಗ್ಗೆಯೂ ಒಂದು ಮಾತು. ಹೊಸ ವಾಹನಕ್ಕೆ ಪೂಜೆ ಮಾಡದೆ ಹೊರಡುವುದು ನಮಗೂ ಮನಸ್ಸಾಗಲಿಲ್ಲ. ಅರಿಶಿನ ಕುಂಕುಮವನ್ನು ಕಬ್ಬಿಣದ ಮೂಕಿಗೆ ಹಚ್ಚಿ, ಕ್ಯಾನ್ವಾಸಿಗೆ ತಾಗಿದರೆ ಆ ಕಲೆ ಹೋಗುವುದಿಲ್ಲ. ಚಕ್ರದಡಿ ನಿಂಬೆಹಣ್ಣು ಇಡುವ ಭರದಲ್ಲಿ ಚಕ್ರದ ಅಡೆಗಳನ್ನು ತೆಗೆಯುವುದನ್ನೇ ಮರೆತು ಕಾರು ಮುಂದಕ್ಕೆ ಬಿಟ್ಟವರು ನಾವು.

ಮಡಚುವುದು, ಒಣಗಿಸುವುದು

ಮಡಚುವುದು ಬಿಚ್ಚಿದ್ದರ ತಿರುಗುಕ್ರಮ. ಹೇಳಲು ಒಂದೇ ವಾಕ್ಯ, ತಪ್ಪುಗಳೆಲ್ಲ ಆಗುವುದು ಇಲ್ಲಿಯೇ. ಹೊರಡುವ ಬೆಳಿಗ್ಗೆ ಎಲ್ಲರಿಗೂ ಆತುರ, ಮಕ್ಕಳಿಗೆ ಹಸಿವು. ಮೊದಲ ಪ್ರವಾಸದ ಕೊನೆಯಲ್ಲಿ ನಾನು ಛಾವಣಿ ಇಳಿಸುವಾಗ ಹಿಂಬದಿಯ ಕ್ಯಾನ್ವಾಸಿನ ಒಂದು ಮಡಿಕೆಯನ್ನು ಒಳಗೆ ತಳ್ಳಿರಲಿಲ್ಲ. ಹೆದ್ದಾರಿಯಲ್ಲಿ 40 ಮೈಲಿ ಬಂದ ಮೇಲೆ ಪಕ್ಕದ ಲಾರಿಯವರು ಹಾರ್ನ್ ಹೊಡೆದು ಕೈಸನ್ನೆ ಮಾಡಿದರು. ಇಳಿದು ನೋಡಿದರೆ ಅಂಗೈಯಗಲದ ಬಟ್ಟೆ ಛಾವಣಿಯ ಅಂಚಿನಿಂದ ನಾಲಿಗೆಯಂತೆ ಹೊರಚಾಚಿ, ಚಿಲಕದ ಕೊಂಡಿಗೆ ಉಜ್ಜಿ ಉಜ್ಜಿ ಜಾಲರಿಯಾಗಿತ್ತು. ಅಂದಿನಿಂದ ಛಾವಣಿಯನ್ನು ಒಂದು ಅಡಿ ಉಳಿಯುವಷ್ಟು ಇಳಿಸಿ, ನಿಲ್ಲಿಸಿ, ನಾಲ್ಕೂ ಕಡೆ ನಡೆದು ಬಟ್ಟೆಯನ್ನು ಕೈಯಿಂದ ಒಳದೂಡಿದ ಮೇಲೆಯೇ ಮುಂದಿನ ಸುತ್ತು. ಸಿಂಕಿನ ಕಟ್ಟೆ ಮಡಚಿದೆಯೇ, ಬಾಗಿಲು ಛಾವಣಿಗೆ ಸಿಕ್ಕಿದೆಯೇ, ಗ್ಯಾಸಿನ ವಾಲ್ವ್ ಮುಚ್ಚಿದೆಯೇ ಎಂಬ ಪಟ್ಟಿಯನ್ನು ಬರೆದು, ಬಾಗಿಲ ಪಕ್ಕ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಅಂಟಿಸಿದ್ದೇವೆ. ಮಗಳು ಗಟ್ಟಿಯಾಗಿ ಓದುತ್ತಾಳೆ, ನಾವು ಮುಟ್ಟಿ ನೋಡಿ "ಆಯ್ತು" ಎನ್ನುತ್ತೇವೆ.

ಒದ್ದೆ ಕ್ಯಾನ್ವಾಸನ್ನು ಮಡಚಿಡುವುದು ಈ ಟ್ರೇಲರಿಗೆ ಮಾಡಬಹುದಾದ ಅತಿ ದೊಡ್ಡ ಅನ್ಯಾಯ. ಮಳೆಯಲ್ಲೇ ಮಡಚಬೇಕಾಗಿ ಬಂದರೆ ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಮನೆ ಮುಟ್ಟಿದೊಡನೆ, ತಡವೆಂದರೆ ಮರುದಿನ, ಬಿಚ್ಚಿ ಒಣಗಿಸಿ. ಮಾವನ ಮನೆಗೆ ಹೋಗಿ ಬಂದು ನೋಡೋಣ ಎಂದರೆ ಕರಿ ಚುಕ್ಕೆಯ ಬೂಷ್ಟು ನಿಮಗಿಂತ ಮೊದಲೇ ಬಂದು ಕೂತಿರುತ್ತದೆ. ಒಣಗಿತೆಂದು ತೀರ್ಮಾನಿಸಲು ಬಟ್ಟೆಯ ನಡುವನ್ನು ಮುಟ್ಟಿ ನೋಡಿದರೆ ಸಾಲದು, ಹೊಲಿಗೆಯ ಸಾಲುಗಳನ್ನೂ ಜಿಪ್ಪಿನ ಅಡಿಯ ಪಟ್ಟಿಯನ್ನೂ ಬೆರಳುಗಳ ನಡುವೆ ಹಿಡಿದು ನೋಡಿ. ತೊಳೆಯಲು ಮೆದು ಬ್ರಷ್ಷು, ಸೌಮ್ಯ ಸೋಪು ಸಾಕು. ಡಿಟರ್ಜೆಂಟ್ ಪುಡಿ ನೀರು ತಡೆಯುವ ಲೇಪವನ್ನು ಎಬ್ಬಿಸುತ್ತದೆ. ಬಟ್ಟೆ ಹೊಸ ಹತ್ತಿಯದಾದರೆ ಅಂಗಳದಲ್ಲಿ ಪೈಪಿನಿಂದ ನೆನೆಸಿ ಒಣಗಿಸುವುದನ್ನು ಎರಡು ಮೂರು ಸಲ ಮಾಡಿ, ದಾರಗಳು ಉಬ್ಬಿ ಸೂಜಿತೂತುಗಳು ಮುಚ್ಚಿಕೊಳ್ಳುತ್ತವೆ. ಛಾವಣಿಯ ಅಂಚಿನ ಸೀಲಂಟ್ ಬಿರುಕು ಬಿಟ್ಟಿದೆಯೇ ಎಂದು ವರ್ಷಕ್ಕೆರಡು ಸಲ ಏಣಿ ಹಾಕಿ ನೋಡಿ. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ತಗ್ಗಿದರೆ ಒಳಗಿನ ಮರಕ್ಕೆ ನೀರು ಇಳಿದಿದೆ.

ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಊರಿನವರು ಟ್ಯಾಂಕು ಪೈಪುಗಳನ್ನು ಬರಿದು ಮಾಡಿ, ಆರ್‌ವಿಗೆಂದೇ, ಅಂದರೆ ಇಂಥ ವಾಸದ ವಾಹನಗಳಿಗೆಂದೇ ಮಾರುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜನ್ನು ನಲ್ಲಿಯಲ್ಲಿ ಬಣ್ಣ ಕಾಣುವವರೆಗೆ ಪಂಪ್ ಮಾಡಬೇಕು. ಕಾರಿನ ರೇಡಿಯೇಟರಿನದು ವಿಷ, ಅದನ್ನು ಮುಟ್ಟಬೇಡಿ. ಬ್ಯಾಟರಿಯನ್ನು ಬಿಚ್ಚಿ ಗ್ಯಾರೇಜಿನಲ್ಲಿಟ್ಟು ಆಗಾಗ ಚಾರ್ಜ್ ಮಾಡಿ. ಅಕ್ಕಿಯ ಒಂದು ಕಾಳೂ ಒಳಗೆ ಉಳಿಯದಂತೆ ಗುಡಿಸಿ, ವೈರು ಪೈಪು ಒಳಹೋಗುವ ತೂತುಗಳಿಗೆ ಸ್ಟೀಲಿನ ಉಣ್ಣೆ ತುರುಕಿ, ಏಕೆಂದರೆ ಬೆರಳು ತೂರುವಷ್ಟು ಜಾಗವಿದ್ದರೆ ಇಲಿಮರಿ ಬರುತ್ತದೆ, ಬಂದರೆ ಗೂಡು ಕಟ್ಟಲು ಮೊದಲು ಹುಡುಕುವುದು ಮಡಚಿಟ್ಟ ಕ್ಯಾನ್ವಾಸನ್ನೇ. ತಿಂಗಳಿಗೊಮ್ಮೆ ಬಿಸಿಲಿರುವ ದಿನ ಛಾವಣಿಯನ್ನು ಅರ್ಧ ಎತ್ತಿ ಗಾಳಿಯಾಡಿಸುವುದನ್ನು ತಪ್ಪಿಸಬೇಡಿ.